ಪೂರಾ ಮೆಟಲ್ ಅಂತ ಹಳೇ ಸ್ಕೀ ಬೈಂಡಿಂಗ್ ಕೊಳ್ಳಬೇಡಿ

ಹೋದ ತಿಂಗಳು ಧಾರವಾಡದ ಹುಡುಗನೊಬ್ಬ ಫೋನ್ ಮಾಡಿದ್ದ. ಎರಡು ಚಳಿಗಾಲ ಗುಲ್ಮಾರ್ಗಿಗೆ ಹೋಗಿ ಸ್ಕೀಯಿಂಗ್ ಕಲಿತು ಬಂದವನು. "ಅಣ್ಣಾ, ಆನ್‌ಲೈನ್‌ನ್ಯಾಗ ಒಂದು ಜೋಡಿ ಹಳೇ ಬೈಂಡಿಂಗ್ ಸಿಕ್ಕಾವ್ರಿ. ಪೂರಾ ಮೆಟಲ್. ರೇಸ್ ಮಾಡೋರು ಹಾಕ್ಕೊಳ್ಳೋವಂತ. ತಗೊಳ್ಳೇನ್ರಿ?" ಅಂತ ಕೇಳಿದ. ನನ್ನ ಎಡಗಾಲಿನಲ್ಲಿ ಮೊಣಕಾಲಿನಿಂದ ಪಾದದ ಗಂಟಿನವರೆಗೆ ಒಂದು ರಾಡ್ ಇದೆ. ಅದು ಬಂದದ್ದು ಇಂಥದೇ ಒಂದು ಜೋಡಿಯಿಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಸ್ಕೀ ಮಾಡದವರಿಗೆ ಎರಡು ಮಾತು. ಬೂಟನ್ನು ಸ್ಕೀ ಹಲಗೆಗೆ ಹಿಡಿದಿಡುವುದೇ ಬೈಂಡಿಂಗ್. ಮುಂದಿನ ತುಂಡು ಬೂಟಿನ ಮೂತಿ ಹಿಡಿಯುತ್ತದೆ, ಹಿಂದಿನದು ಹಿಮ್ಮಡಿ ಹಿಡಿಯುತ್ತದೆ. ಎರಡರಲ್ಲೂ ಸ್ಪ್ರಿಂಗ್ ಇರುತ್ತದೆ. ಬಿದ್ದಾಗ ಕಾಲು ತಿರುಚಿಕೊಂಡರೆ ಮುಂದಿನದು ಪಕ್ಕಕ್ಕೆ ತೆರೆದು ಬೂಟನ್ನು ಬಿಡಬೇಕು. ಮುಂದಕ್ಕೆ ಮುಗ್ಗರಿಸಿದರೆ ಹಿಂದಿನದು ಮೇಲಕ್ಕೆ ತೆರೆಯಬೇಕು. ಎಷ್ಟು ಜೋರು ಬಿದ್ದರೆ ಬಿಡಬೇಕು ಅನ್ನುವುದನ್ನು ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ. ಆ ಅಂಕಿಗೆ ಡಿನ್ ಅಂತ ಹೆಸರು.

ನನ್ನ ತೊಂದರೆ ಶುರುವಾದದ್ದು ಬಾಡಿಗೆ ಸ್ಕೀಯಿಂದ. ನಾನು ಸ್ವಲ್ಪ ಜೋರಾಗಿ ಹೋಗುವವನು. ಗುಲ್ಮಾರ್ಗಿನಲ್ಲಿ ಗೊಂಡೋಲಾದ, ಅಂದರೆ ತಂತಿಯ ಮೇಲೆ ಹೋಗುವ ಗಾಡಿಯ, ಎರಡನೇ ಹಂತ ಹತ್ತಿ, ಅಫರ್ವತ್ ಬೆಟ್ಟದ ಮೇಲಿಂದ ಇಳಿಯುವಾಗ, ಹಿಮ ತುಳಿದು ಉಬ್ಬುತಗ್ಗಾದ ಕಡೆ, ಬಾಡಿಗೆ ಸ್ಕೀ ಕಾಲಿನಿಂದ ಕಳಚಿ ಹೋಗುತ್ತಿತ್ತು. ಬಿದ್ದಿರುತ್ತಿರಲಿಲ್ಲ, ಸುಮ್ನೆ ಕಳಚುತ್ತಿತ್ತು. ಒಂದು ಸಲ ವೇಗದಲ್ಲಿ ಇದ್ದಾಗ ಹಾಗಾಗಿ ಭುಜಕ್ಕೆ ಪೆಟ್ಟಾಯಿತು. ಆಗ ನನ್ನ ತಲೆಯಲ್ಲಿ ಕೂತದ್ದು ಒಂದೇ: ಈ ಪ್ಲಾಸ್ಟಿಕ್ ಸಾಮಾನು ನನ್ನಂಥವನಿಗೆ ಸಾಲದು, ಗಟ್ಟಿಯಾದದ್ದು ಬೇಕು, ಬಿಗಿಯಾದದ್ದು ಬೇಕು.

2022ರಲ್ಲಿ ಹೊಸ ಬೂಟು ತೆಗೆದುಕೊಂಡೆ. ಅದೇ ವರ್ಷ ಹಳೇ ಸಾಮಾನು ಮಾರುವ ಒಬ್ಬರ ಹತ್ತಿರ ಆನ್‌ಲೈನ್‌ನಲ್ಲಿ ಈ ಬೈಂಡಿಂಗ್ ಕಂಡಿತು. ಹದಿನಾಲ್ಕು ಸಾವಿರ ರೂಪಾಯಿ. ಡಿನ್ 8ರಿಂದ 18. "ಇದು ಜೀವಮಾನಕ್ಕೆ ಒಂದೇ ಸಲ ಕೊಳ್ಳೋದು, ಸವೆಯೋದೇ ಇಲ್ಲ" ಅಂದರು. ನನ್ನ ಬೂಟು ಯಾವುದು, ತೂಕ ಎಷ್ಟು, ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹುಬ್ಬಳ್ಳಿಯ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಪಾರ್ಸೆಲ್ ಬಂದ ದಿನ ಕೈಯಲ್ಲಿ ಹಿಡಿದು ನೋಡಿದೆ. ತೂಕ ಇತ್ತು, ಎರಕ ಚೆನ್ನಾಗಿತ್ತು, ಎಲ್ಲೂ ಬಿರುಕಿಲ್ಲ. ಕಬ್ಬಿಣದ ಕೆಲಸ ಮಾಡುವವನಿಗೆ ಇನ್ನೇನು ಬೇಕು? ಸ್ಕೀಗೆ ನಾನೇ ಕೂರಿಸಿದೆ. ಒಳಗೆ ಲೋಹದ ಹಾಳೆ ಇರುವ ಸ್ಕೀ ಅದು. 4.1 ಮಿಲಿಮೀಟರ್ ಬಿಟ್, 9.5 ಮಿಲಿಮೀಟರ್ ಆಳ, ಅದಕ್ಕಿಂತ ಕೆಳಗೆ ಹೋಗದಂತೆ ಬಿಟ್ಟಿಗೆ ಕಾಲರ್ ಹಾಕಿ ಕೊರೆದೆ. ಆ ಕೆಲಸದಲ್ಲಿ ತಪ್ಪಾಗಲಿಲ್ಲ. ತಪ್ಪಾದದ್ದೆಲ್ಲ ಆಮೇಲೆ. ಸ್ಕ್ರೂ ಡ್ರೈವರ್ ತೆಗೆದುಕೊಂಡು ಡಿನ್ 12ಕ್ಕೆ ತಿರುಗಿಸಿದೆ. 12 ಯಾಕೆ? 18ರವರೆಗೆ ಇರುವುದರಲ್ಲಿ 12 ಏನು ಮಹಾ ಅನ್ನಿಸಿತು, ಅಷ್ಟೇ.

ನಮ್ಮ ಅಂಗಡಿಯ ಹಿರಿಯ ಟರ್ನರ್ ಕಾಕಾ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಅಪ್ಪಾಜಿಯ ಕಾಲದಿಂದ ಇದ್ದವರು. "ತಮ್ಮಾ, ಇಷ್ಟ್ ಬಿಗಿ ಮಾಡಿದ್ರ ಕಾಲು ಹೊರಗ ಬರೂದು ಹ್ಯಾಂಗ?" ಅಂದರು. ಬರಬಾರದು ಅಂತಾನೇ ಮಾಡಿದ್ದು ಕಾಕಾ, ಅಂದೆ. ಅವರು ಮತ್ತೆ ಮಾತಾಡಲಿಲ್ಲ.

ಈಗ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾಕೆಂದರೆ ಈ ಪಾಠ ನನಗೆ ಮೊದಲೇ ಗೊತ್ತಿತ್ತು. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯಿಂದ ರೈತರು ರೋಟಾವೇಟರ್ ತರುತ್ತಾರೆ. ಅದರ ಶಾಫ್ಟಿನಲ್ಲಿ ಒಂದು ಶಿಯರ್ ಬೋಲ್ಟ್ ಇರುತ್ತದೆ. ಹಲ್ಲಿಗೆ ಕಲ್ಲು ಸಿಕ್ಕಿಕೊಂಡರೆ ಆ ಬೋಲ್ಟ್ ತುಂಡಾಗಬೇಕು, ಅದಕ್ಕೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಪದೇ ಪದೇ ತುಂಡಾಗುತ್ತದೆ ಅಂತ ಕೆಲವರು ಗಟ್ಟಿ ಬೋಲ್ಟ್ ಹಾಕಿಬಿಡುತ್ತಾರೆ. ಆಮೇಲೆ ಗೇರ್‌ಬಾಕ್ಸ್ ಒಡೆದುಕೊಂಡು ನನ್ನ ಹತ್ತಿರ ಬರುತ್ತಾರೆ. ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಕಾಲಿಗೇ ಗಟ್ಟಿ ಬೋಲ್ಟ್ ಹಾಕಿಕೊಂಡಾಗ ಅದು ನೆನಪಾಗಲಿಲ್ಲ.

2023ರ ಫೆಬ್ರವರಿ. ಮೂರನೇ ದಿನ, ಮಧ್ಯಾಹ್ನ ಮೂರೂವರೆ. ಎರಡು ದಿನ ಚೆನ್ನಾಗಿ ಹೋಗಿತ್ತು, ಒಂದು ಸಲವೂ ಸ್ಕೀ ಕಳಚಿರಲಿಲ್ಲ. ಆ ಖುಷಿಯಲ್ಲೇ ಇದ್ದೆ. ಗೊಂಡೋಲಾದ ಮೊದಲ ಹಂತ ಮುಗಿಯುವ ಕೊಂಗದೂರಿಯ ಹತ್ತಿರ, ಅಷ್ಟೇನೂ ಇಳಿಜಾರಿಲ್ಲದ ಜಾಗ. ಬಿಸಿಲಿಗೆ ಹಿಮ ನೆನೆದು ಭಾರವಾಗಿತ್ತು. ನಾನು ನಿಧಾನಕ್ಕೆ ಬರುತ್ತಿದ್ದೆ. ಎಡ ಸ್ಕೀಯ ತುದಿ ಹಿಮದಲ್ಲಿ ಸಿಕ್ಕಿಕೊಂಡು ನಿಂತುಬಿಟ್ಟಿತು. ನನ್ನ ಮೈ ಬಲಕ್ಕೆ ತಿರುಗುತ್ತಾ ಹೋಯಿತು, ಕಾಲು ಅಲ್ಲೇ ಉಳಿಯಿತು. ಈಗ ಬಿಡುತ್ತದೆ, ಈಗ ಬಿಡುತ್ತದೆ ಅಂದುಕೊಳ್ಳುವಷ್ಟು ಸಮಯ ಇತ್ತು. ಬಿಡಲಿಲ್ಲ. ಒಣಗಿದ ಜೋಳದ ದಂಟು ಮುರಿದ ಹಾಗೆ ಸದ್ದಾಯಿತು.

ಬಿದ್ದ ಮೇಲೂ ಸ್ಕೀ ಕಾಲಿನಲ್ಲೇ ಇತ್ತು. ಅದು ಅಲುಗಿದಾಗಲೆಲ್ಲ ಮುರಿದ ಎಲುಬೂ ಅಲುಗುತ್ತಿತ್ತು. ಬಿದ್ದವರ ನೆರವಿಗೆ ಗಸ್ತು ತಿರುಗುವ ಸ್ಕೀ ಪ್ಯಾಟ್ರೋಲ್‌ನವರು ಬಂದರು. ಒಬ್ಬರು ಬೂಟು ಹಿಡಿದುಕೊಂಡರು, ಇನ್ನೊಬ್ಬರು ಹಿಂದಿನ ಸನ್ನೆಯ ಮೇಲೆ ಎರಡೂ ಕೈ ಊರಿ ಒತ್ತಿದರು. ಮೂರನೇ ಸಲಕ್ಕೆ ತೆರೆಯಿತು. ಅವರು ಮೊದಲು ಕೇಳಿದ್ದೇ ಇದನ್ನು: ಇದನ್ನು ಹೊಂದಿಸಿ ಕೊಟ್ಟವರು ಯಾರು?

ಶ್ರೀನಗರಕ್ಕೆ ಐವತ್ತು ಕಿಲೋಮೀಟರ್. ಎಕ್ಸ್‌ರೇಯಲ್ಲಿ ಮೊಣಕಾಲಿನ ಕೆಳಗಿನ ದೊಡ್ಡ ಎಲುಬು ಸುರುಳಿ ಸುತ್ತಿದ ಹಾಗೆ ಸೀಳಿರುವುದು ಕಂಡಿತು. ತಿರುಚಿ ಮುರಿದರೆ ಹಾಗೇ ಆಗುತ್ತದಂತೆ. ಒಂದು ಕಾಲದಲ್ಲಿ ಸ್ಕೀ ಮಾಡುವವರಿಗೆ ಇದು ಬಹಳ ಆಗುತ್ತಿತ್ತು. ಬಿಟ್ಟುಕೊಡುವ ಬೈಂಡಿಂಗ್ ಸುಧಾರಿಸಿದಂತೆಲ್ಲ ಕಡಿಮೆಯಾದ ಪೆಟ್ಟು ಇದು. ಅಂದರೆ ಬೈಂಡಿಂಗ್ ತನ್ನ ಕೆಲಸ ಮಾಡಿದ್ದರೆ ತಪ್ಪಿಸಬೇಕಾಗಿದ್ದ ಪೆಟ್ಟನ್ನೇ ನಾನು ತಿಂದಿದ್ದೆ. ಹುಬ್ಬಳ್ಳಿಗೆ ಬಂದದ್ದು ವೀಲ್‌ಚೇರಿನಲ್ಲಿ. ಅವ್ವ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಲಿಲ್ಲ, ಕಾಲನ್ನೇ ನೋಡಿದಳು. ನಾಲ್ಕು ತಿಂಗಳು ಕೋಲು. ಉಣಕಲ್ ಕೆರೆಯ ಸುತ್ತ ಒಂದು ಸುತ್ತು ಪೂರ್ತಿ ನಡೆಯಲು ಏಳು ತಿಂಗಳು ಬೇಕಾಯಿತು. ಖರ್ಚಿನ ಮಾತು ಬಿಡಿ.

ನಡೆಯಲು ಆದ ಮೇಲೆ ಮೊದಲು ಮಾಡಿದ ಕೆಲಸ ಅಂದರೆ, ಆ ಸ್ಕೀಯನ್ನು ವೈಸ್‌ಗೆ ಕಟ್ಟಿ, ಬೂಟು ಹಾಕಿ, ಕೂತು ಪರೀಕ್ಷೆ ಮಾಡಿದ್ದು.

ಮೊದಲನೆಯದು ಅಂಕಿ. ಐಎಸ್‌ಒ 11088 ಅನ್ನುವ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಪಟ್ಟಿ ಇದೆ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಮತ್ತು ನೀವು ಎಷ್ಟು ಜೋರಾಗಿ ಹೋಗುತ್ತೀರಿ ಅನ್ನುವುದು, ಈ ಐದನ್ನು ನೋಡಿ ಅಂಕಿ ತೆಗೆಯುತ್ತಾರೆ. ಉದ್ದ ಪಾನಾ ಹಾಕಿದರೆ ಕಡಿಮೆ ಜೋರಿಗೆ ನಟ್ ಬಿಚ್ಚುತ್ತದೆ ಅಲ್ವಾ, ಬೂಟಿನ ಉದ್ದವೂ ಹಾಗೇ ಲೆಕ್ಕಕ್ಕೆ ಬರುತ್ತದೆ. ಐವತ್ತು ದಾಟಿದವರಿಗೆ ಅಂಕಿ ಇಳಿಸುತ್ತಾರೆ. ನಾನು 76 ಕಿಲೋ, 175 ಸೆಂಟಿಮೀಟರ್, ಬೂಟು 315 ಮಿಲಿಮೀಟರ್. ಜೋರಾಗಿ ಹೋಗುವವರ ಸಾಲಿಗೆ, ಅಂದರೆ ಮೂರನೇ ವರ್ಗಕ್ಕೆ ಸೇರಿಸಿದರೂ ನನಗೆ ಬಂದದ್ದು 7. ನನ್ನ ಬೈಂಡಿಂಗಿನ ಸಣ್ಣ ಕಿಟಕಿಯಲ್ಲಿ ಅಂಕಿ ಶುರುವಾಗುವುದೇ 8ರಿಂದ. ನನಗೆ ಬೇಕಾದ ಅಂಕಿ ಆ ಸಾಮಾನಿನ ಮೇಲೆ ಇರಲೇ ಇಲ್ಲ. ಅದು ನನಗೆ ಮಾಡಿದ ಸಾಮಾನೇ ಅಲ್ಲ.

ಎರಡನೆಯದು ಬೂಟಿನ ತಳ. ನನ್ನ ಹೊಸ ಬೂಟಿನದು ಗ್ರಿಪ್‌ವಾಕ್ ತಳ. ನಡೆಯಲು ಅನುಕೂಲವಾಗಲಿ ಅಂತ ಮುಂಭಾಗ ಸ್ವಲ್ಪ ಬಾಗಿದ, ರಬ್ಬರ್ ಇರುವ ತಳ. ಹಳೇ ಬೈಂಡಿಂಗು ಚಪ್ಪಟೆಯಾದ ಗಟ್ಟಿ ಪ್ಲಾಸ್ಟಿಕ್ ತಳಕ್ಕೆ ಮಾಡಿದ್ದು. ಮೂತಿಯ ಕೆಳಗೆ ಬೂಟು ಪಕ್ಕಕ್ಕೆ ಜಾರಲಿ ಅಂತ ಒಂದು ನುಣುಪಾದ ಪಟ್ಟಿ ಇರುತ್ತದೆ. ಬೂಟನ್ನು ಸನ್ನೆ ಹಾಕಿ ಪಕ್ಕಕ್ಕೆ ದೂಡಿದೆ. ರಬ್ಬರು ಪಟ್ಟಿಗೆ ಕಚ್ಚಿಕೊಂಡು, ಕುಂಯ್ ಅಂತ ಸದ್ದು ಮಾಡಿ, ಕಪ್ಪು ಗೆರೆ ಬಿಟ್ಟಿತು. ಜಾರಬೇಕಾದ್ದು ಬ್ರೇಕ್ ಹಿಡಿದಂತೆ ನಿಂತಿತ್ತು. ಬರೀ ಕಣ್ಣಿಗೆ ಬೂಟು ಸರಿಯಾಗಿ ಕೂತ ಹಾಗೇ ಕಾಣುತ್ತದೆ, ಟಕ್ ಅಂತ ಸದ್ದೂ ಬರುತ್ತದೆ. ಅದೇ ಮೋಸ.

ಮೂರನೆಯದು ಸ್ಪ್ರಿಂಗ್. ಎರಡೂ ಕಾಲಿನದನ್ನು 8ಕ್ಕೆ ಇಳಿಸಿ, ಬೂಟಿನ ಮೂತಿಗೆ ಹಗ್ಗ ಕಟ್ಟಿ, ತೂಗುವ ಕಾಂಟಾ ಹಾಕಿ ಎಳೆದೆ. ಬಲಗಾಲಿನದು 22 ಕಿಲೋಗೆ ತೆರೆಯಿತು. ಎಡಗಾಲಿನದು 31ಕ್ಕೆ. ಅಂಕಿ ಒಂದೇ, ಜೋರು ಬೇರೆ ಬೇರೆ. ಬಿಚ್ಚಿ ನೋಡಿದರೆ ಒಳಗಿನ ಗ್ರೀಸ್ ಒಣಗಿ ಮೇಣದಂತಾಗಿತ್ತು. ನಾನು ಮಾಡಿದ್ದು ಒರಟು ಪರೀಕ್ಷೆ, ನೀವು ಅದನ್ನೇ ನಂಬಿ ಹಾಕಿಕೊಳ್ಳಬೇಡಿ. ಇದಕ್ಕೆಂದೇ ಟಾರ್ಕ್ ಅಳೆಯುವ ಯಂತ್ರ ಇರುತ್ತದೆ, ಒಳ್ಳೆಯ ಸ್ಕೀ ಅಂಗಡಿಯಲ್ಲಿ ಅದರ ಮೇಲೆ ಹಾಕಿ ನೋಡುತ್ತಾರೆ. ತಯಾರಕರು ಪ್ರತಿ ವರ್ಷ ತಾವು ಹೊಣೆ ಹೊರುವ ಮಾಡೆಲ್‌ಗಳ ಪಟ್ಟಿ ಕೊಡುತ್ತಾರೆ. ಹಳೆಯವು ಆ ಪಟ್ಟಿಯಿಂದ ಬಿದ್ದು ಹೋಗುತ್ತವೆ. ಬಿದ್ದು ಹೋದ ಮಾಡೆಲನ್ನು ಅಂಗಡಿಯವರು ಮುಟ್ಟುವುದಿಲ್ಲ. ನನ್ನದು ಅಂಥದ್ದು.

ಇನ್ನು ಬಾಡಿಗೆ ಸ್ಕೀ ಕಳಚುತ್ತಿದ್ದದ್ದು ಯಾಕೆ? ಇದು ತಿಳಿದಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಯಿತು. ಹಿಂದಿನ ತುಂಡು ಬೂಟನ್ನು ಮುಂದಕ್ಕೆ ಒತ್ತಿ ಹಿಡಿದಿರಬೇಕು. ಇದಕ್ಕೆ ಫಾರ್ವರ್ಡ್ ಪ್ರೆಶರ್ ಅನ್ನುತ್ತಾರೆ. ಬೂಟಿನ ಉದ್ದಕ್ಕೆ ತಕ್ಕಂತೆ ಹಿಂದಿನ ತುಂಡನ್ನು ಸರಿಸಿದಾಗ ಮಾತ್ರ ಅದು ಸರಿ ಬರುತ್ತದೆ. ಬೈಂಡಿಂಗಿನ ಹಿಂದೆ ಅದಕ್ಕೊಂದು ಗುರುತು ಇರುತ್ತದೆ. ಇದು ಸಡಿಲ ಇದ್ದರೆ ಡಿನ್ ಎಷ್ಟೇ ಏರಿಸಿದರೂ ಬೂಟು ಕಳಚುತ್ತದೆ. ಬೂಟಿನ ಕೆಳಗೆ ಹಿಮ ಮೆತ್ತಿಕೊಂಡಿದ್ದರೂ ಹಾಗೇ. ಬೂಟು ಹಾಕಿಕೊಂಡು ಸಿಮೆಂಟಿನ ಮೇಲೆ ಓಡಾಡಿ ಮೂತಿ ಸವೆದಿದ್ದರೂ ಹಾಗೇ. ಬಾಡಿಗೆ ಅಂಗಡಿಯ ಗಡಿಬಿಡಿಯಲ್ಲಿ ಹಿಂದಿನ ಗಿರಾಕಿಯ ಬೂಟಿನ ಅಳತೆಗೇ ನನ್ನ ಬೂಟನ್ನು ಸಿಕ್ಕಿಸಿ ಕೊಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಅದರ ಅರ್ಥ ಆಗ ಗೊತ್ತಾಗಲಿಲ್ಲ. ಒಂದು ಸ್ಕ್ರೂ ತಿರುವಿದ್ದರೆ ಮುಗಿಯುತ್ತಿತ್ತು.

ಹಾಗಾದರೆ ಜೋರಾಗಿ ಹೋಗುವವರು ಯಾವುದು ಕೊಳ್ಳಬೇಕು? ಧಾರವಾಡದ ಹುಡುಗ ಇದನ್ನೇ ಕೇಳಿದ. ನನ್ನ ಅಭಿಪ್ರಾಯ ಇದು. ಮೇಲಿನ ಅಂಕಿ ನೋಡಿ ಮರುಳಾಗಬೇಡಿ. ನಿಮ್ಮ ಅಂಕಿ ಬೈಂಡಿಂಗಿನ ಅಳತೆಯ ನಡುವೆ ಎಲ್ಲೋ ಬರುವಂಥದ್ದು ಆರಿಸಿ. ನಿಮಗೆ 7 ಅಥವಾ 8 ಬಂದರೆ ಮಾರ್ಕರ್ ಗ್ರಿಫನ್ ಇದೆ, ಅದು 4ರಿಂದ 13. ಟೈರೋಲಿಯಾ ಅಟ್ಯಾಕ್ 14 ಇದೆ, 4ರಿಂದ 14. ಭಾರ ಇದ್ದವರು, ಅಂಕಿ ಜಾಸ್ತಿ ಬಂದವರು ಲುಕ್ ಪಿವೋಟ್ 15 ನೋಡಬಹುದು, 6ರಿಂದ 15. ಲೋಹ ಇದ್ದರೆ ಬಾಳಿಕೆ ಬರುತ್ತದೆ, ಅದನ್ನು ಸುಳ್ಳು ಅನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ನೋಡಬೇಕಾದದ್ದು, ಪೆಟ್ಟು ಬಿದ್ದಾಗ ಬೂಟು ಸ್ವಲ್ಪ ಜರುಗಿ ಮತ್ತೆ ತನ್ನ ಜಾಗಕ್ಕೆ ಬರುವ ಗುಣ. ಇದಕ್ಕೆ ಎಲಾಸ್ಟಿಕ್ ಟ್ರಾವೆಲ್ ಅನ್ನುತ್ತಾರೆ. ಅದು ಜಾಸ್ತಿ ಇದ್ದರೆ ಸಣ್ಣಪುಟ್ಟ ಕುಲುಕಾಟಕ್ಕೆ ಕಳಚುವುದಿಲ್ಲ, ಬಿಗಿ ಮಾಡುವ ಗೋಜೂ ಇರುವುದಿಲ್ಲ. ಪಿವೋಟ್‌ಗೆ ಅಷ್ಟು ಹೆಸರು ಇರುವುದು ಮುಖ್ಯವಾಗಿ ಇದಕ್ಕೇ. ಜೋರಾಗಿ ಹೋಗುವವರು ದುಡ್ಡು ಕೊಡಬೇಕಾದದ್ದು ಈ ಗುಣಕ್ಕೆ.

ಹೊಸ ಬೈಂಡಿಂಗ್ ಹಾಕಿಕೊಂಡವರಿಗೂ ಒಂದು ಮಾತು. ಇದು ಕಾಲಿನ ಎಲುಬನ್ನು ಕಾಪಾಡಲು ಹುಟ್ಟಿದ ಸಾಧನ. ಮೊಣಕಾಲಿನ ಲಿಗಮೆಂಟನ್ನು ಅದು ಅಷ್ಟಾಗಿ ಕಾಪಾಡುವುದಿಲ್ಲ. ಎಲ್ಲ ಸರಿ ಇದ್ದರೂ ಮೊಣಕಾಲಿಗೆ ಪೆಟ್ಟಾದವರು ಇದ್ದಾರೆ.

ಬೈಂಡಿಂಗನ್ನು ಬೂಟಿನ ಜೊತೆಗೇ ಕೊಳ್ಳಿ, ಇಲ್ಲವೇ ಬೂಟು ಹಿಡಿದುಕೊಂಡು ಅಂಗಡಿಗೆ ಹೋಗಿ. ನಿಮ್ಮ ಕಣ್ಣೆದುರೇ ಅಂಗಡಿಯವರಿಂದ ಹೊಂದಿಸಿಕೊಳ್ಳಿ. ತೂಕ ಕಡಿಮೆ ಹೇಳಬೇಡಿ, ಬರದೇ ಇರುವ ಶೂರತನವನ್ನೂ ಹೇಳಬೇಡಿ. ಹುಬ್ಬಳ್ಳಿಯಲ್ಲಿ ಎಂಥಾ ಒಳ್ಳೆಯ ವರ್ಕ್‌ಶಾಪ್ ಇದ್ದರೂ, ನನ್ನದೂ ಸೇರಿ, ಅಲ್ಲಿ ಈ ಕೆಲಸ ಮಾಡಿಸಬೇಡಿ.

ನನ್ನ ಆ ಜೋಡಿಯನ್ನು ಮಾರಲಿಲ್ಲ. ಇಬ್ಬರು ಕೇಳಿದ್ದರು. ಗ್ರೈಂಡರಿನಲ್ಲಿ ಎರಡು ತುಂಡು ಮಾಡಿ ಗುಜರಿಗೆ ಹಾಕಿದೆ. ಕಾಕಾ ಸ್ಪ್ರಿಂಗ್ ಮಾತ್ರ ಇಟ್ಟುಕೊಂಡರು.

ಧಾರವಾಡದ ಹುಡುಗ ಆ ಸಾಮಾನು ಕೊಳ್ಳಲಿಲ್ಲ. ಮುಂದಿನ ಭಾನುವಾರ ಬೂಟು ತೆಗೆದುಕೊಂಡು ಬರುತ್ತಾನೆ. ನಿಮ್ಮ ಹತ್ತಿರವೂ ಬೂಟು ಇದ್ದರೆ ಹಿಮ್ಮಡಿಯ ಪಕ್ಕದಲ್ಲಿ ನೋಡಿ, ಮಿಲಿಮೀಟರಿನಲ್ಲಿ ತಳದ ಉದ್ದ ಅಚ್ಚೊತ್ತಿರುತ್ತದೆ. ಅದನ್ನೂ ನಿಮ್ಮ ತೂಕವನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾರಾದರೂ ಬೈಂಡಿಂಗ್ ಮಾರಲು ಬಂದರೆ ಮೊದಲು ಆ ಚೀಟಿ ಕೊಡಿ. ಅದನ್ನು ಓದದೆ ರೇಟು ಹೇಳುವವರ ಹತ್ತಿರ ಕೊಳ್ಳಬೇಡಿ.