ಡಿಸಿಆರ್ ಪ್ಯಾನೆಲ್ಲೋ, ಚೀನಾ ಸೆಲ್ಲಿನದೋ?

ಮಡಿಕೇರಿಯಲ್ಲಿ ಚಾವಣಿಯ ಸೋಲಾರ್ ಪ್ಯಾನೆಲ್‌ಗೆ ಎರಡು ಕೊಟೇಶನ್ ಕೈಗೆ ಬಂದರೆ ಕಣ್ಣು ಅಗ್ಗದ ಕಡೆಗೇ ಹೋಗುತ್ತದೆ. ಅಗ್ಗದ್ದು ಸಾಮಾನ್ಯವಾಗಿ ಚೀನಾದ ಸೆಲ್ (ಬಿಸಿಲನ್ನು ಕರೆಂಟಾಗಿಸುವ ಬಿಲ್ಲೆ) ತರಿಸಿ ಇಲ್ಲಿ ಜೋಡಿಸಿದ್ದು. ದುಬಾರಿಯದು ಡಿಸಿಆರ್ (ಡೊಮೆಸ್ಟಿಕ್ ಕಂಟೆಂಟ್ ರಿಕ್ವೈರ್‌ಮೆಂಟ್), ಅಂದರೆ ಸೆಲ್ಲೂ ಇಲ್ಲೇ ತಯಾರಾದದ್ದು. ಒಂದೇ ತಂತ್ರಜ್ಞಾನ, ಅಷ್ಟೇ ವ್ಯಾಟ್ ಆದರೆ ಬರುವ ಕರೆಂಟಿನಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ.

ಭೇದವಿರುವುದು ರಾಜಕೀಯದಲ್ಲಿ. ಪ್ಯಾನೆಲ್ ತಯಾರಿಕೆಯ ಪ್ರತಿ ಹಂತದಲ್ಲೂ ಜಗತ್ತಿನ ಶೇ. 80ರಷ್ಟು, ಅದಕ್ಕೂ ಹೆಚ್ಚು ಸಾಮರ್ಥ್ಯ ಚೀನಾದ್ದು. ಬೇಡಿಕೆ ಮೀರಿ ಕಾರ್ಖಾನೆ ಕಟ್ಟಿದ್ದರಿಂದ 2023ರಲ್ಲಿ ದರ ನೆಲಕಚ್ಚಿತು. ಭಾರತವೋ 2022ರ ಏಪ್ರಿಲ್‌ನಲ್ಲೇ ಆಮದು ಪ್ಯಾನೆಲ್‌ಗೆ ಶೇ. 40, ಸೆಲ್‌ಗೆ ಶೇ. 25 ಸುಂಕ ಹಾಕಿತ್ತು. ಹೀಗಾಗಿ ಆ ಅಗ್ಗ ಪೂರ್ತಿಯಾಗಿ ನಮ್ಮ ಹೆಂಚಿನ ಮೇಲೆ ಇಳಿಯಲಿಲ್ಲ.

ಮೀಟರ್ ಇರುವ ವಾಸದ ಮನೆಗಾದರೆ ನನ್ನ ಓಟು ಡಿಸಿಆರ್‌ಗೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುವುದು ಇದಕ್ಕೆ ಮಾತ್ರ. ಕಾಫಿ ಕಣದ ಶೆಡ್ಡಿಗೆ ಆ ಸಬ್ಸಿಡಿ ಇಲ್ಲ, ಅಲ್ಲಿ ಅಗ್ಗದ್ದೇ ಸಾಕು.

ಆದರೆ ಸೆಲ್ ಎಲ್ಲಿಯದು ಎಂಬುದಕ್ಕಿಂತ ಪ್ಯಾನೆಲ್ಲಿನ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಯಾವುದು ಎಂದು ಮೊದಲು ಕೇಳಿ. ಬರೀ ಆನ್-ಗ್ರಿಡ್ (ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ್ದು) ಆದರೆ ಲೈನ್ ಹೋದ ಕೂಡಲೇ ಅದೂ ನಿಲ್ಲುತ್ತದೆ. ಆಟಿ ತಿಂಗಳ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕತ್ತಲಲ್ಲಿ ಕೂರುವವರಿಗೆ ಬ್ಯಾಟರಿ ಸಹಿತ ಹೈಬ್ರಿಡ್ಡೇ ಬೇಕು. ಮತ್ತೆ, ಚಾವಣಿಗೆ ಸಿಲ್ವರ್ ಓಕ್ ನೆರಳು ಬೀಳುತ್ತಿದ್ದರೆ ಮೊದಲು ಕೊಂಬೆ ಕಡಿಸಿ.