ಮಳೆಗಾಲದ ಓದಿಗೆ ಇ-ರೀಡರೋ, ಕಾಗದದ ಪುಸ್ತಕವೋ?

ಇ-ಬುಕ್ ಓದುವ ಸಾಧನವಾದ ಇ-ರೀಡರ್, ಕಾಗದದ ಪುಸ್ತಕ, ಇವೆರಡರಲ್ಲಿ ಶಿರಸಿಯ ಮನೆಗೆ ಯಾವುದು ಹೊಂದುತ್ತದೆ ಎಂದು ಕೇಳಿದ್ದೀರಿ. ಬಾಳಿಕೆಯಿಂದಲೇ ಶುರು ಮಾಡುತ್ತೇನೆ, ನಮ್ಮ ಕಡೆ ಅದೇ ದೊಡ್ಡ ಚಿಂತೆ. ಮಳೆಗಾಲದಲ್ಲಿ ಕಪಾಟಿನ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬಂದರೆ ಸಾಲಿಗೆ ಸಾಲೇ ಹೋಗುತ್ತದೆ. ಇ-ರೀಡರಿಗೆ ಆ ಕಾಟವಿಲ್ಲ. ಅದರ ಇ-ಇಂಕ್ ಪರದೆ (ಕಾಗದದ ಮೇಲಿನ ಅಚ್ಚಿನಂತೆ ಕಾಣುವ ಪರದೆ) ಮುಖ್ಯವಾಗಿ ಪುಟ ತಿರುವಿದಾಗಷ್ಟೇ ಕರೆಂಟು ಎಳೆಯುವುದರಿಂದ ಒಂದು ಚಾರ್ಜ್ ವಾರಗಟ್ಟಲೆ ಬರುತ್ತದೆ. ಗಾಳಿಮಳೆಗೆ ಎರಡು ದಿನ ಕರೆಂಟು ಹೋದರೂ ಓದು ನಿಲ್ಲದು. ಆದರೆ ಕೈಜಾರಿ ಬಿದ್ದು ಪರದೆ ಒಡೆದರೆ ಮುಗಿಯಿತು.

ಇ-ರೀಡರಿಗೆ ಖರ್ಚು ಮೊದಲೇ ಸಾವಿರಾರು ರೂಪಾಯಿ. ತಿಂಗಳಿಗೆ ಮೂರ್ನಾಲ್ಕು ಇಂಗ್ಲಿಷ್ ಪುಸ್ತಕ ಓದುವವರಾದರೆ ಕೊಳ್ಳಿ. ಕನ್ನಡವೇ ಹೆಚ್ಚಾದರೆ ನಾನು ಕಾಗದವನ್ನೇ ಹೇಳುತ್ತೇನೆ: ಎಷ್ಟೋ ಕನ್ನಡ ಪುಸ್ತಕಗಳು ಇನ್ನೂ ಇ-ಬುಕ್ ಆಗಿಲ್ಲ, ಸ್ಕ್ಯಾನ್ ಮಾಡಿದ ಪಿಡಿಎಫ್ 6 ಇಂಚಿನ ಪರದೆಯಲ್ಲಿ ಕಣ್ಣಿಗೆ ಹಿಂಸೆ. ಓದಿ ಮುಗಿಸಿ ಪಕ್ಕದ ಮನೆಗೆ ಕೊಡುವ ಸುಖವೂ ಕಾಗದಕ್ಕೇ. ಇ-ಬುಕ್ ಸಿಗುವಲ್ಲಿ ಮಾತ್ರ, ಕಣ್ಣು ಮಂದವಾದ ಹಿರಿಯರಿಗೆ ಅಕ್ಷರ ದೊಡ್ಡದು ಮಾಡಿಕೊಡಬಹುದು.