ಕಿಲ್ಲರ್ ಸಮುರಾಯ್ ಸುಡೊಕು ಆ್ಯಪ್: ಎರಡು ವರ್ಷ ಬಳಸಿದ ಮೇಲೆ

ಈ ಸುಡೊಕು ಆ್ಯಪ್ ಹಾಕಿಕೊಂಡು ಎರಡು ವರ್ಷವಾಯಿತು. ಮಾಮೂಲಿ ಸುಡೊಕು ಬಿಡಿಸುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಇದರ ಕಿಲ್ಲರ್ ಸಮುರಾಯ್ ವಿಭಾಗ. ನಡುವೆ ಒಂದು 9×9 ಗ್ರಿಡ್, ಅದರ ನಾಲ್ಕೂ ಮೂಲೆಗಳ ಮೇಲೆ ಹತ್ತಿ ಕುಳಿತ ಇನ್ನು ನಾಲ್ಕು; ಒಟ್ಟು 369 ಮನೆಗಳು. ಮೊದಲೇ ತುಂಬಿಕೊಟ್ಟ ಅಂಕಿ ಒಂದೂ ಇಲ್ಲ. ಕೆಲವು ಮನೆಗಳನ್ನು ಚುಕ್ಕೆ ಗೆರೆಯಿಂದ ಸುತ್ತುವರಿದ ಪಂಜರಗಳು, ಅವುಗಳ ಮೂಲೆಯಲ್ಲಿ ಒಳಗಿನ ಅಂಕಿಗಳ ಮೊತ್ತ, ಅಷ್ಟೇ. ಒಂದು ಪಂಜರದೊಳಗೆ ಯಾವ ಅಂಕಿಯೂ ಎರಡು ಸಲ ಬರುವಂತಿಲ್ಲ.

ಮೊದಲ ತಿಂಗಳು ತಲೆ ಚಚ್ಚಿಕೊಂಡಿದ್ದೇ ಬಂತು. ಗ್ರಿಡ್‌ನ ಪ್ರತಿ ಅಡ್ಡಸಾಲು, ಕಂಬಸಾಲು, 3×3 ಚೌಕದಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಒಂದೊಂದೇ ಸಲ ಬರುವುದರಿಂದ ಅವುಗಳ ಮೊತ್ತ ಯಾವಾಗಲೂ 45 ಎಂಬುದನ್ನು ಬಿಗಿಯಾಗಿ ಹಿಡಿದ ಮೇಲೆ ಗಂಟು ಸಡಿಲವಾಯಿತು. ಮೊನ್ನೆ ಬಿಡಿಸಿದ್ದನ್ನೇ ನೋಡಿ: ಎಡ ಮೇಲಿನ ಗ್ರಿಡ್ಡಿಗೂ ನಡುವಿನದಕ್ಕೂ ಸೇರಿದ 3×3 ಚೌಕದಲ್ಲಿ ಮೂರು ಪಂಜರಗಳು ಪೂರ್ತಿ ಒಳಗಿದ್ದವು. ಎರಡು ಮನೆಯ 17, ಮೂರು ಮನೆಯ 6, ಮೂರು ಮನೆಯ 15, ಕೂಡಿದರೆ 38. ಉಳಿದ ಒಂಟಿ ಮನೆಗೆ 7 ಬರಲೇಬೇಕು. ಆ ಮನೆ ಬಲಕ್ಕೆ ಚಾಚಿದ ಎರಡು ಮನೆಯ 16ರ ಪಂಜರಕ್ಕೆ ಸೇರಿತ್ತು, ಹಾಗಾಗಿ ಅದರ ಪಕ್ಕದಲ್ಲಿ 9. ಗಂಟೆಯಿಂದ ಅಲ್ಲಾಡದೆ ನಿಂತಿದ್ದ ಎರಡು ಗ್ರಿಡ್‌ಗಳು ಒಟ್ಟಿಗೆ ಮಿಸುಕಾಡಿದವು.

ಇನ್ನೊಂದು ಗುಟ್ಟು ಹೊಳೆಯಲು ನನಗೆ ವರ್ಷವೇ ಹಿಡಿಯಿತು. ಇಂಥ ಚೌಕದ ಮೂಲಕ ಹಾಯುವ ಅಡ್ಡಸಾಲಿನಲ್ಲಿ ಅದನ್ನು ಹಂಚಿಕೊಂಡ ಎರಡು ಗ್ರಿಡ್‌ಗಳದ್ದನ್ನಷ್ಟೇ ಎಣಿಸಿದರೆ 15 ಮನೆಗಳು. ನಡುವಿನ ಮೂರು ಎರಡೂ ಗ್ರಿಡ್‌ಗಳ ಪಾಲು. ಆದ್ದರಿಂದ ಎಡದ ಆರು ಮನೆಗಳಲ್ಲಿ ಯಾವ ಅಂಕಿಗಳಿವೆಯೋ ಬಲದ ಆರರಲ್ಲೂ ಅವೇ ಇರಬೇಕು, ಕ್ರಮ ಬೇರೆಯಾದರೂ ಮೊತ್ತ ಒಂದೇ. ಆ್ಯಪ್‌ನ ಸುಳಿವಿನ ಗುಂಡಿ ಇದನ್ನು ಒಮ್ಮೆಯೂ ಹೇಳಿಕೊಟ್ಟಿಲ್ಲ. ಅದು ಕಾರಣ ಹೇಳದೆ ಒಂದು ಮನೆಗೆ ಅಂಕಿ ತುಂಬಿ ಸುಮ್ಮನಾಗುತ್ತದೆ. ಇದಕ್ಕೆ ಸುಳಿವು ಎನ್ನುತ್ತಾರೆಯೇ?

ಮನೆಯಲ್ಲಿ ಬರಬಹುದಾದ ಅಂಕಿಗಳನ್ನು ಸಣ್ಣದಾಗಿ ಬರೆದಿಡುವ ಪೆನ್ಸಿಲ್ ಗುರುತನ್ನು ತಾನೇ ಹಾಕುವ ಸೌಲಭ್ಯವೂ ಅರೆಬರೆ. ಸಾಲು, ಚೌಕ ನೋಡಿ ಅಂಕಿ ಅಳಿಸುತ್ತದೆ, ಮೊತ್ತದ ಕಡೆ ತಿರುಗಿಯೂ ನೋಡುವುದಿಲ್ಲ. ಮೂರು ಮನೆಯ 6ರ ಪಂಜರದಲ್ಲಿ 1, 2, 3 ಬಿಟ್ಟು ಬೇರೇನೂ ಕೂರದು; ಇದು ಅಲ್ಲಿ 9ನ್ನೂ ಬರೆದಿಟ್ಟಿರುತ್ತದೆ. ತಪ್ಪು ಅಂಕಿಯನ್ನು ಕೂಡಲೇ ಕೆಂಪಾಗಿಸುವುದನ್ನು ಮಾತ್ರ ನಾನೇ ನಿಲ್ಲಿಸಿದ್ದೇನೆ, ಊಹೆಯ ಚಟಕ್ಕೆ ಅದೇ ಮೂಲ. ಎರಡು ವರ್ಷದ ಅಪ್‌ಡೇಟ್‌ಗಳಲ್ಲಿ ಬದಲಾಗಿದ್ದು ಹಿನ್ನೆಲೆಯ ಬಣ್ಣ.

ಮೊಬೈಲ್‌ನಲ್ಲಿ ಆಡಲು ಹೋಗಬೇಡಿ. ಮೊತ್ತ ಕಾಣಲೆಂದು ಹಿಗ್ಗಿಸಿದರೆ ಪಕ್ಕದ ಗ್ರಿಡ್ ಪರದೆಯಾಚೆ ಹೋಗುತ್ತದೆ. ಟ್ಯಾಬ್ಲೆಟ್ ಇದ್ದರೆ ಸುಖ.

ಒಗಟುಗಳ ಗುಣಮಟ್ಟದ ಬಗ್ಗೆ ಎರಡು ಮಾತಿಲ್ಲ. ನಾನು ಮುಗಿಸಿದ ಒಂದರಲ್ಲೂ ಊಹೆಯ ಅಗತ್ಯ ಬೀಳಲಿಲ್ಲ. ನಡುವೆ ಬ್ಯಾಟರಿ ಸತ್ತರೂ ಪೆನ್ಸಿಲ್ ಗುರುತುಗಳ ಸಮೇತ ಬಿಟ್ಟಲ್ಲಿಂದಲೇ ಶುರುವಾಗುತ್ತದೆ. ಐದಕ್ಕೆ ನಾಲ್ಕು ನಕ್ಷತ್ರ. ಚಂದಾ ಈ ವರ್ಷವೂ ನವೀಕರಿಸಿದ್ದೇನೆ. ಸುಳಿವಿನ ಗುಂಡಿಯನ್ನು ಮಾತ್ರ ಮುಟ್ಟುವುದಿಲ್ಲ.